ಕತ್ತಲೆಯ ಖರ್ಚು

ಶಿಡ್ಲಘಟ್ಟದಲ್ಲಿ, ಮಸೀದಿ ಹಿಂದಿನ ಗಲ್ಲಿಯಲ್ಲಿ
ನಮ್ಮ ಕಣ್ಣಿನ ಕೇಂದ್ರ: ಒಂದೂವರೆ ಕೋಣೆ.
ಆ ಅರ್ಧ ಯಾವಾಗಲೂ ಕತ್ತಲೆ.

ಅಲ್ಲಿ ಕೂರಿಸಿದ್ದೆ ಪಿಳ್ಳಮ್ಮನನ್ನು
ಹನಿ ಹಾಕಿ, ಪಾಪೆ ಅರಳಲೆಂದು.
ಸೀರೆಯಲ್ಲಿ ಬೆಂದ ಹುಳದ ವಾಸನೆ,
ಬಿಳಿಚಿಕೊಂಡ ಬೆರಳ ತುದಿ,
ಇಪ್ಪತ್ತೆರಡು ವರ್ಷ ಬಿಸಿನೀರಲ್ಲಿ
ಗೂಡಿನ ಎಳೆಗೆ ತುದಿ ಹುಡುಕಿದ್ದು.

"ಸಂಜೆ ಆದ್ರೆ ಗೋಡೆ ಹಿಡ್ಕೊಂಡೇ ನಡೆಯೋದು ಸಾ,
ಅದು ಅಭ್ಯಾಸ ಆಗೋಯ್ತು.
ಈಗ ಹಗಲೂ ಸಣ್ಣಗಾಗ್ತಾ ಐತೆ
ಊದುಗೊಳವೆ ಒಳಗಿಂದ ನೋಡ್ದಂಗೆ."

ಹೋದ ವಾರವೇ ಇಣುಕಿ ಕಂಡಿದ್ದೆ
ಅವಳ ಕಣ್ಣಿನ ಹಿಂಗೋಡೆಯ ಮೇಲೆ
ಅಂಚಿನಿಂದ ಒಳಕ್ಕೆ ಹಬ್ಬಿದ ಕಪ್ಪು ಚೂರುಗಳನ್ನು.
ಹೇಳಿರಲಿಲ್ಲ.
ಈಗ ಇಪ್ಪತ್ತು ನಿಮಿಷ ಕಾಯಬೇಕು, ಇಬ್ಬರೂ,
ಏನಾದರೂ ಹೇಳಲೇಬೇಕು.

ಬೆಳಕು ಹಿಡಿಯೋ ಕೋಶ ಎರಡು ಜಾತಿ, ಅಂದೆ.
"ಕಣ್ಣಲ್ಲೂನಾ?"
ಕತ್ತಲಲ್ಲಿ ಅವಳ ನಗು ಕೇಳಿಸಿತು.

ಕಡ್ಡಿಯಂಥವು ರಾತ್ರಿ ಪಾಳಿ,
ಶಂಕುವಿನಂಥವು ಹಗಲು ಪಾಳಿ, ಬಣ್ಣದ ಲೆಕ್ಕವೂ ಅವುಗಳದ್ದೇ.
ಇಬ್ಬರ ಊಟವೂ ಒಂದೇ,
ರಕ್ತದಲ್ಲಿ ಹರಿದು ಬರುವ ಗ್ಲೂಕೋಸು.
ಮೈಯಲ್ಲಿ ಇಂಥ ಹೊಟ್ಟೆಬಾಕರು ಕಡಿಮೆ.
"ಬೆಳಕು ಬಿದ್ರೆ ಕೆಲಸ, ಕೆಲಸ ಮಾಡಿದ್ರೆ ಹಸಿವು."
ಅಲ್ಲ ಪಿಳ್ಳಮ್ಮ, ತಿರುಗಾಮುರುಗಾ.
ಕತ್ತಲಲ್ಲೇ ಅವಕ್ಕೆ ದುಡಿಮೆ.
ಕತ್ತಲಲ್ಲಿ ಬಾಗಿಲು ಹಾರುಹೊಡೆದಿರುತ್ತದೆ,
ಉಪ್ಪು ಒಳಗೆ ನುಗ್ಗುತ್ತಲೇ ಇರುತ್ತದೆ,
ಮೊಗೆದು ಮೊಗೆದು ಹೊರಗೆ ಚೆಲ್ಲಬೇಕು,
ಪ್ರತಿ ಬೊಗಸೆಗೂ ಸಕ್ಕರೆ ತೆರಬೇಕು.
ಬೆಳಕಿನ ಚೂರೊಂದು ತಾಗಿತೋ
ಬಾಗಿಲು ಮುಚ್ಚುತ್ತದೆ,
ಮೊಗೆಯುವ ಕೈ ಒಂದು ಕ್ಷಣ ಸುಧಾರಿಸಿಕೊಳ್ಳುತ್ತದೆ.
ಆ ಬಿಡುವಿಗೇ
ನಾವು ನೋಟ ಅನ್ನುವುದು.

"ಅದೇನ್ ಹೊಸದು ಬಿಡಿ" ಅಂದಳು.
"ಸಾದಿಕ್ ಸಾಬರ ಯೂನಿಟ್ಟಲ್ಲಿ
ಗೂಡು ಬರದಿದ್ದ ದಿನಾನೂ ಒಲೆ ಆರಿಸೋಂಗಿಲ್ಲ.
ಮಾರ್ಕೆಟ್ಟಿಂದ ಗಾಡಿ ಎಷ್ಟೊತ್ತಿಗೆ ಬಂದೀತೋ,
ನೀರು ಕಾದೇ ಇರ್ಬೇಕು.
ನೂಲು ತೆಗೆಯೋಕ್ಕಿಂತ ಸಾ,
ಕಾಯೋಕೇ ಸೌದೆ ಜಾಸ್ತಿ."

ಮೂರು ವರ್ಷದ ಡಿಪ್ಲೊಮಾದಲ್ಲಿ
ಯಾರೂ ನನಗೆ ಹೀಗೆ ಹೇಳಿಕೊಟ್ಟಿರಲಿಲ್ಲ.

ಹಾಗಾಗಿ ಮಿಕ್ಕಿದ್ದನ್ನೂ ಹೇಳಿದೆ, ಅಳುಕುತ್ತ.
ಸಕ್ಕರೆಯನ್ನು ಅವು ಪೂರ್ತಿ ಉರಿಸುವುದಿಲ್ಲ,
ಗಾಳಿ ಬೇಕಾದಷ್ಟಿದ್ದರೂ.
ಅರೆ ಉರಿಸಿ, ಉಳಿದ ಹುಳಿಯನ್ನು
ಬೆನ್ನಿಗಂಟಿದ ಗೋಡೆಯ ಕೋಶಗಳಿಗೆ ದಾಟಿಸುತ್ತವೆ.
"ನೂಲು ನಾವ್ ತಗೊಂಡು
ಹುಳ ಕೋಳಿ ಫಾರಂಗೆ ಕೊಟ್ಟಂಗೆ."
ಹ್ಞೂಂ. ಗೋಡೆ ಅದನ್ನು ತಿಂದು ಬದುಕಿ
ಹೊಸ ಸಕ್ಕರೆಯನ್ನು ಮುಟ್ಟದೆ ಒಳಗೆ ಬಿಡುತ್ತದೆ.
ರಾತ್ರಿ ಪಾಳಿಯವರು ಸತ್ತರೆ ಹುಳಿ ಇಲ್ಲ,
ಗೋಡೆ ಬಂದ ಸಕ್ಕರೆಗೇ ಬಾಯಿ ಹಾಕುತ್ತದೆ.
ಹಗಲು ಪಾಳಿಯವರಲ್ಲಿ ದೋಷವೇ ಇಲ್ಲ,
ಹುಟ್ಟಿನಿಂದ ಗಟ್ಟಿಮುಟ್ಟು.
ಆದರೂ ಉಪವಾಸ ಬೀಳುತ್ತಾರೆ,
ಪಕ್ಕದ ಮನೆ ಒಲೆ ಆರಿತೆಂದು.
ಹೀಗಿರಬಹುದು ಅಂತ ಓದಿದವರು ಹೇಳುತ್ತಾರೆ.

"ಟೀಗೆ ಇನ್ನೊಂದು ಚಮಚ ಹಾಕ್ಕೊಂಡ್ರೆ?"
ಇಲ್ಲ.
ಬೀದಿಯಲ್ಲಿ ಮೂಟೆ ಮೂಟೆ ಇದೆ ಪಿಳ್ಳಮ್ಮ,
ನಡುಮನೆಗೆ ತಲುಪುತ್ತಿಲ್ಲ.

ಆಮೇಲೆ ಅವಳು ಮಾತಾಡಲಿಲ್ಲ.
ಎಷ್ಟು ವರ್ಷ ಅಂತಲೂ ಕೇಳಲಿಲ್ಲ.
ಹೊರಗೆ ಆಟೋ ಒಂದು ಹಿಂದೆ ಮುಂದೆ ಮಾಡಿ
ಗಲ್ಲಿ ತಿರುವಿಕೊಂಡಿತು.
ನನ್ನ ಕಣ್ಣುಗಳು ಅಷ್ಟು ಹೊತ್ತೂ ಸಕ್ಕರೆ ಸುಟ್ಟು
ಗಳಿಸಿದ್ದು ಇಷ್ಟೇ: ಅವಳ ಹೆಗಲಿನ ಗೆರೆ,
ಸ್ಟೂಲಿನ ಒಂದು ಕಾಲು.

ಗಲ್ಲ ಇಲ್ಲಿ ಇಡಿ ಎನ್ನಲು ಕೈ ಚಾಚಿದೆ.
ಅವಳ ಬೆರಳು ಮೊದಲು ತಾಗಿದ್ದು ನನ್ನ ತೋಳಿನ ಅಂಚಿಗೆ.
"ತಡೀರಿ ಸಾ, ಎಳೆ ಬಿಟ್ಟೈತೆ" ಅಂದು
ನಾನು ಕಾಣದ ದಾರದ ತುದಿ ಹಿಡಿದು,
ಗಂಟು ಹಾಕಿ,
ಹಲ್ಲಲ್ಲಿ ಕಚ್ಚಿ ತುಂಡು ಮಾಡಿದಳು.